ರಾಮಾನುಜನ್ ಕಂಡುಹಿಡಿದದ್ದು 2520 ಅಲ್ಲ, ಹಾಗಾದರೆ ಏನು?

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ವಿಚಿತ್ರ ಸಂಖ್ಯೆ 2520, ಇದನ್ನು ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ? ನೋಡೋಣ.

2520ರ ಲೆಕ್ಕ ಸರಿಯಾಗಿದೆ. ಆದರೆ ಅದು 1ರಿಂದ 10ರವರೆಗಿನ ಸಂಖ್ಯೆಗಳ ಲ.ಸಾ.ಅ. ಅಷ್ಟೆ. ಶಾಲೆಯ ಮಕ್ಕಳೂ ಇದನ್ನು ಹುಡುಕಬಲ್ಲರು. ಲ.ಸಾ.ಅ. ಕಂಡುಹಿಡಿಯುವ ವಿಧಾನ ರಾಮಾನುಜನ್‌ಗಿಂತ ಎರಡು ಸಾವಿರ ವರ್ಷ ಹಿಂದೆ, ಯೂಕ್ಲಿಡ್‌ನ ಕಾಲಕ್ಕೇ ಗೊತ್ತಿತ್ತು.

ಹಾಗಾದರೆ ರಾಮಾನುಜನ್ ಮಾಡಿದ್ದೇನು?

ಅವರು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದರು. ಕಾಲೇಜಿನಲ್ಲಿ ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಫೇಲಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. 1912ರಲ್ಲಿ ಮದ್ರಾಸ್ ಬಂದರಿನ ಕಚೇರಿಯಲ್ಲಿ ಗುಮಾಸ್ತರಾದರು. ಮರುವರ್ಷ ಕೇಂಬ್ರಿಡ್ಜ್‌ನ ಜಿ.ಎಚ್. ಹಾರ್ಡಿ ಅವರಿಗೆ ಪತ್ರ ಬರೆದರು, 1914ರಲ್ಲಿ ಹಡಗು ಹತ್ತಿದರು.

ಅಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು: ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನಗಳಿರುವ ಸಂಖ್ಯೆಗಳು ಯಾವುವು? ಉದಾಹರಣೆಗೆ 12ಕ್ಕೆ 1, 2, 3, 4, 6, 12 ಎಂದು ಆರು ಅಪವರ್ತನಗಳಿವೆ. 12ಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಆರಿಲ್ಲ. 2520 ಕೂಡ ಇದೇ ಗುಂಪಿನದು. ಅದಕ್ಕೆ 48 ಅಪವರ್ತನಗಳಿವೆ. ಇಂಥ ಸಂಖ್ಯೆಗಳು ಅವಿಭಾಜ್ಯಗಳಿಂದ ಹೇಗೆ ಕಟ್ಟಲ್ಪಟ್ಟಿವೆ ಎಂಬ ನಿಯಮಗಳನ್ನು ರಾಮಾನುಜನ್ 1915ರ ಪ್ರಬಂಧದಲ್ಲಿ ತೋರಿಸಿದರು. 1916ರಲ್ಲಿ ಕೇಂಬ್ರಿಡ್ಜ್ ಅವರಿಗೆ ಪದವಿ ಕೊಟ್ಟದ್ದು ಇದೇ ಕೆಲಸಕ್ಕೆ.

ಪಟ್ಟಿಯಲ್ಲಿ ಬಿಟ್ಟುಹೋದ ಸಂಖ್ಯೆ

ಪ್ರಬಂಧದಲ್ಲಿ ಇಂಥ 102 ಸಂಖ್ಯೆಗಳ ಪಟ್ಟಿಯಿತ್ತು. ಕೊನೆಯದು 67,46,32,83,88,800, ಅದಕ್ಕೆ 10,080 ಅಪವರ್ತನಗಳು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದ ಪಟ್ಟಿ ಅದು. ಅದರಲ್ಲಿ ಒಂದು ಸಂಖ್ಯೆ ಮಾತ್ರ ಬಿಟ್ಟುಹೋಗಿತ್ತು: 2,93,31,86,25,600. ಅಂದರೆ 29,331 ಕೋಟಿ 86 ಲಕ್ಷ 25 ಸಾವಿರದ 600.

ನೀವೂ ಪರೀಕ್ಷಿಸಬಹುದು. 64, 81, 25, 49, 11, 13, 17, 19 ಇವನ್ನು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ, ಅದೇ ಸಂಖ್ಯೆ ಬರುತ್ತದೆ. ಅದರ ಅಪವರ್ತನಗಳು 5,040. ಅದನ್ನು ಇನ್ನೊಮ್ಮೆ 23ರಿಂದ ಗುಣಿಸಿದರೆ ಪಟ್ಟಿಯ ಕೊನೆಯ ಸಂಖ್ಯೆಯೇ ಸಿಗುತ್ತದೆ!

ಯುದ್ಧಕಾಲದ ಹಣದ ಮುಗ್ಗಟ್ಟಿನಿಂದ ಪ್ರಬಂಧದ ಒಂದು ಭಾಗ ಆಗ ಅಚ್ಚಾಗಲಿಲ್ಲ. ಅದು ಪ್ರಕಟವಾದದ್ದು 1997ರಲ್ಲಿ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ ರಾಮಾನುಜನ್, ಕಾಯಿಲೆಯಿಂದ ಬಳಲುತ್ತಲೇ 1919ರಲ್ಲಿ ಊರಿಗೆ ಮರಳಿದರು. 1920ರ ಏಪ್ರಿಲ್ 26ರಂದು, 32ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಟ್ಟಿಯಲ್ಲಿ ಒಂದು ಸಂಖ್ಯೆ ತಪ್ಪಿದ್ದರಿಂದ ಅವರ ಹಿರಿಮೆ ಕಡಿಮೆಯಾಗುವುದಿಲ್ಲ. ಅವರು ಮಾಡದ ಕೆಲಸವನ್ನು ಅವರ ಹೆಸರಿಗೆ ಅಂಟಿಸಿದರೆ ಹೆಚ್ಚಾಗುವುದೂ ಇಲ್ಲ; ನಿಜವಾಗಿ ಮಾಡಿದ್ದು ಮರೆಯಾಗುತ್ತದೆ, ಅಷ್ಟೆ. 2520ರ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ಕಥೆ ಕಳಿಸಿ ಎಂಬುದು ನಮ್ಮ ಕೋರಿಕೆ.