ಸಭಾಪಾಲಕ ಉತ್ತಂಗಿ ಚನ್ನಪ್ಪನವರು

ಸಖರಾಯಪಟ್ಟಣದ ಸೀಮೆಯ ಸದ್ಭಕ್ತರಿಗೆ ಅಯ್ಯನಕೆರೆಯ ಮಹಿಮೆಯನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಚಂದ್ರದ್ರೋಣ ಪರ್ವತದ ಮಗ್ಗುಲಲ್ಲಿ ಹುಟ್ಟಿದ ಗೌರಿಹಳ್ಳವು ಈ ಕೆರೆಯಲ್ಲಿ ನಿಂತು, ತೂಬಿನಿಂದ ಹೊರಟು ಗದ್ದೆ ತೋಟಗಳನ್ನು ತಣಿಸಿ, ವೇದಾ ಎಂಬ ಹೆಸರಿನಿಂದ ಮುಂದೆ ಹರಿಯುವುದು. ಮದಗದ ಕೆರೆಯನ್ನು ತುಂಬಿ ಬರುವ ಅವತಿಯು ಕಡೂರಿನ ಸಮೀಪದಲ್ಲಿ ಇದರೊಡನೆ ಸಂಗಮಿಸಲು, ಎರಡೂ ಸೇರಿ ವೇದಾವತಿಯಾಗುವುವು. ಹುಟ್ಟಿದ ಕಣಿವೆ ಬೇರೆ, ನಿಂತ ಕೆರೆ ಬೇರೆ, ಹೊತ್ತ ಹೆಸರು ಬೇರೆ. ಕೆಳಗಿನ ಬಯಲಿನ ಒಕ್ಕಲಿಗನ ಪೈರಿಗೆ ಒದಗುವ ನೀರು ಮಾತ್ರ ಒಂದೇ ಆಗಿರುವುದು.

ಮಠಗಳ ಮಹೋತ್ಸವ ಕಾಲದಲ್ಲಿ ಗುರುಪರಂಪರೆಯನ್ನೂ, ದಾಸೋಹಕ್ಕೆ ನೆರವಾದ ಭಕ್ತರನ್ನೂ ಸ್ಮರಿಸುವುದು ವಾಡಿಕೆ. ಅದರೊಡನೆ ಸ್ಮರಿಸಲು ಯೋಗ್ಯರಾದ ಮಹನೀಯರೊಬ್ಬರುಂಟು. ಅವರು ಲಿಂಗದೀಕ್ಷೆಯನ್ನು ಪಡೆದವರಲ್ಲ. ಯಾವ ಮಠದ ಶಿಷ್ಯರೂ ಅಲ್ಲ. ಕ್ರೈಸ್ತಸಭೆಯ ಪಾಲಕರಾಗಿ ಬಾಳಿ, ಆ ನಂಬಿಕೆಯಲ್ಲಿಯೇ ಕಣ್ಣುಮುಚ್ಚಿದವರು. ಆದರೂ ಶಿವಶರಣರ ವಚನಭಂಡಾರವನ್ನು ತಮ್ಮ ಮನೆಯ ಒಡವೆಯೆಂಬಂತೆ ಕಾಯ್ದು ಬೆಳಗಿಸಿದವರು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಚನ್ನಪ್ಪನವರ ಮನೆತನದ ಮೂಲಸ್ಥಾನವು ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮ. ಪೂರ್ವಿಕರು ಲಿಂಗಾಯತರು. ಆ ವಂಶವು ಕ್ರೈಸ್ತಮತವನ್ನು ಅವಲಂಬಿಸಿದ ಮೇಲೆಯೂ ಊರಿನ ಹೆಸರನ್ನು ಬಿಡಲಿಲ್ಲ. ಮಕ್ಕಳಿಗೆ ಚನ್ನಪ್ಪನೆಂಬ ಹಳೆಯ ಹೆಸರನ್ನಿಡುವುದಕ್ಕೂ ಸಂಕೋಚಪಡಲಿಲ್ಲ. ಚನ್ನಪ್ಪನವರು 1881ನೆಯ ಇಸವಿ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 1880ರಲ್ಲಿ, ಅದೇ ಧಾರವಾಡದಲ್ಲಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಹುಟ್ಟಿದ್ದರು. ಒಬ್ಬರು ಮುಂದೆ ವಕೀಲರಾದರು, ಮತ್ತೊಬ್ಬರು ಪಾದ್ರಿಗಳಾದರು. ಒಂದೇ ಊರಿನಲ್ಲಿ ಹುಟ್ಟಿದ ಈ ಇಬ್ಬರೂ ಎರಡು ದಾರಿಗಳಿಂದ ನಡೆದು ವಚನವಾಙ್ಮಯವೆಂಬ ಒಂದೇ ಹೊಸ್ತಿಲಿಗೆ ಬಂದು ನಿಂತರು.

ಚನ್ನಪ್ಪನವರು ಬೆಳೆದುದು ಬಾಸೆಲ್ ಮಿಶನ್ನಿನ ಆಶ್ರಯದಲ್ಲಿ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಈ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಮತಪ್ರಚಾರವು ಅವರ ಉದ್ದೇಶವಾಗಿದ್ದಿತು. ಆದರೆ ಜನರ ಮನಸ್ಸನ್ನು ತಿಳಿಯಬೇಕಾದರೆ ಜನರ ನುಡಿಯನ್ನು ತಿಳಿಯಬೇಕೆಂಬ ವಿವೇಕವೂ ಅವರಲ್ಲಿದ್ದಿತು. ಮೋಗ್ಲಿಂಗ್ ಪಂಡಿತರು 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದರು. ಬಸವಪುರಾಣವೇ ಮೊದಲಾದ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕಿಟ್ಟೆಲ್ ಪಂಡಿತರು ಅನೇಕ ವರ್ಷಗಳ ತಪಸ್ಸಿನಿಂದ 1894ರಲ್ಲಿ ಕನ್ನಡ ಮಹಾಕೋಶವನ್ನು ಪ್ರಕಟಿಸಿದರು. ಚನ್ನಪ್ಪನವರು ಈ ಪರಂಪರೆಗೆ ಸೇರಿದವರೇ. ಆದರೆ ಅವರಿಗೂ ಇವರಿಗೂ ಒಂದು ಭೇದವುಂಟು. ಆ ವಿದೇಶೀಯರು ಕನ್ನಡವನ್ನು ಕಲಿತು ಒಳಗೆ ಬಂದರು. ಚನ್ನಪ್ಪನವರು ಒಳಗೇ ಹುಟ್ಟಿದವರು. ಅಲ್ಲಿ ಪಾಂಡಿತ್ಯವು ಪ್ರೀತಿಗೆ ದಾರಿಯಾಯಿತು. ಇಲ್ಲಿ ಪ್ರೀತಿಯೇ ಪಾಂಡಿತ್ಯಕ್ಕೆ ದಾರಿಯಾಯಿತು.

ಮಂಗಳೂರಿನಲ್ಲಿ ಮಿಶನ್ನಿನವರು ನಡೆಸುತ್ತಿದ್ದ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ವ್ಯಾಸಂಗವನ್ನು ಮುಗಿಸಿ, ಚನ್ನಪ್ಪನವರು ಉತ್ತರ ಕರ್ನಾಟಕದ ಸಭೆಗಳಲ್ಲಿ ಸೇವೆಗೆ ನಿಂತರು. ಸಭಾಪಾಲಕನ ಬಾಳು ಸುಲಭವಾದುದಲ್ಲ. ಭಾನುವಾರದ ಪ್ರಾರ್ಥನೆ, ಪ್ರಸಂಗಗಳು ಲೋಕದ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸವು ಅದರ ಹತ್ತರಷ್ಟು: ರೋಗಿಗಳ ಹಾಸಿಗೆಯ ಬಳಿ ಕುಳಿತಿರುವುದು, ಮುನಿದ ಅಣ್ಣತಮ್ಮಂದಿರನ್ನು ಒಂದುಗೂಡಿಸುವುದು, ಸಾಲದಲ್ಲಿ ಮುಳುಗಿದವನಿಗೆ ಧೈರ್ಯ ಹೇಳುವುದು, ದಿಕ್ಕಿಲ್ಲದ ಮಕ್ಕಳನ್ನು ಶಾಲೆಗೆ ಹಚ್ಚುವುದು, ಸತ್ತವರನ್ನು ಮಣ್ಣು ಮಾಡಿ ಉಳಿದವರ ಕಣ್ಣೀರನ್ನೊರೆಸುವುದು. 1914ರ ಮಹಾಯುದ್ಧವು ಮೊದಲಾಗಲು ಮಿಶನ್ನಿನ ಜರ್ಮನ್ ಬೋಧಕರು ಈ ದೇಶದಲ್ಲಿ ಉಳಿಯಲಾರದೆ ಹೋದರು. ಸಭೆಗಳ ಭಾರವು ದೇಶೀಯರಾದ ಪಾಲಕರ ಹೆಗಲಿಗೆ ಬಂದಿತು. ಚನ್ನಪ್ಪನವರು ಆ ಕಷ್ಟಕಾಲದ ಸೇವಕರಲ್ಲೊಬ್ಬರು.

ಇಂತಹ ಸೇವೆಯ ನಡುವೆ ಅವರನ್ನು ಒಂದು ಪ್ರಶ್ನೆಯು ಬಿಡದೆ ಕಾಡಿತು. ಯೇಸುಸ್ವಾಮಿಯನ್ನು ನಂಬಿದವನು ತನ್ನ ಅಜ್ಜನ ನುಡಿಯನ್ನೂ, ನಾಡಿನ ಸಂತರನ್ನೂ, ನೆರೆಮನೆಯ ಬಂಧುವನ್ನೂ ಬಿಟ್ಟುಬಿಡಬೇಕೆ? ಹಾಗೆ ಬಿಟ್ಟವನ ಭಕ್ತಿಯು ಬೇರು ಕಡಿದ ಗಿಡವಾಗುವುದಿಲ್ಲವೆ? ಕಾಶಿಗೆ ಬೆತ್ಲೆಹೇಮು ಮಾಡಿಕೊಳ್ಳುವ ವಿನಂತಿಯೆಂಬ ಭಾವದ ಹೆಸರನ್ನಿಟ್ಟು ಅವರು ಬರೆದ ಗ್ರಂಥವು ಈ ಚಿಂತನೆಯ ಫಲ. ಹೆಸರಿನಲ್ಲಿಯೇ ಅವರ ಹೃದಯವು ತೋರುವುದು. ಕಾಶಿಗೆ ಬೆತ್ಲೆಹೇಮು ಆಜ್ಞೆಯನ್ನು ಕೊಡಲಿಲ್ಲ, ಶಾಪವನ್ನೂ ಹಾಕಲಿಲ್ಲ; ಕೈಜೋಡಿಸಿ ವಿನಂತಿಸಿಕೊಂಡಿತು. ವಿನಂತಿಸುವವನು ಎದುರಿಗಿರುವವನ ಹಿರಿಮೆಯನ್ನು ಮೊದಲು ಒಪ್ಪಿಕೊಂಡಿರುವನಷ್ಟೆ. ಎರಡು ಧರ್ಮಗಳ ನಡುವಣ ಮಾತು ವಿನಯದಿಂದ ತೊಡಗಬೇಕೆಂಬುದೇ ಅವರ ಬಾಳಿನ ನಿಯಮವಾಗಿದ್ದಿತು.

ಈ ವಿನಯವು ಕಾರ್ಯರೂಪಕ್ಕೆ ಬಂದುದು ಸರ್ವಜ್ಞನ ತ್ರಿಪದಿಗಳ ಸಂಗ್ರಹದಲ್ಲಿ. ಸರ್ವಜ್ಞನ ನುಡಿಯು ಬಾಯಲ್ಲಿಲ್ಲದ ಕನ್ನಡಿಗನು ಆ ಕಾಲದಲ್ಲಿ ವಿರಳ. ಆದರೆ ಎಲ್ಲವನ್ನೂ ಒಟ್ಟುಗೂಡಿಸಿ ಶೋಧಿಸಿದ ಗ್ರಂಥವು ದುರ್ಲಭವಾಗಿದ್ದಿತು. ಭಿಕ್ಷುಕರು, ಜಂಗಮರು, ಹೊಲದಲ್ಲಿ ದುಡಿಯುವವರು, ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರು, ಇವರ ನಾಲಗೆಯೇ ಆ ಕವಿಯ ಪುಸ್ತಕವಾಗಿದ್ದಿತು. ಚನ್ನಪ್ಪನವರು ಅನೇಕ ವರ್ಷಗಳ ಕಾಲ ಊರೂರುಗಳಿಂದ ಬಾಯಿಪಾಠಗಳನ್ನೂ ಹಸ್ತಪ್ರತಿಗಳನ್ನೂ ಕೂಡಿಹಾಕಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಸುಮಾರು 2000 ತ್ರಿಪದಿಗಳು ಒಂದೇ ಸಂಪುಟದಲ್ಲಿ, ವಿಷಯಕ್ಕೆ ತಕ್ಕ ಪದ್ಧತಿಗಳಾಗಿ ವಿಂಗಡವಾಗಿ, ಕನ್ನಡಿಗರ ಕೈಗೆ ಬಂದುವು.

ಈ ಕಾರ್ಯದ ಶ್ರಮವನ್ನು ತಿಳಿಯದವರು ಇದನ್ನು ಬರಿಯ ಬರಹಗಾರಿಕೆಯೆಂದೆಣಿಸಬಹುದು. ಬಾಯಿಂದ ಬಾಯಿಗೆ ಸಾಗಿದ ಪದ್ಯವು ಹತ್ತು ಊರುಗಳಲ್ಲಿ ಹತ್ತು ರೂಪವನ್ನು ತಾಳುವುದು. ಯಾರೋ ಕಟ್ಟಿದ ನುಡಿಗೆ ಸರ್ವಜ್ಞನ ಅಂಕಿತವನ್ನು ಹಚ್ಚಿಬಿಡುವುದು ಸುಲಭ. ತ್ರಿಪದಿಯಲ್ಲಿ 11 ಅಂಶಗಣಗಳು. 6ನೆಯದೂ 10ನೆಯದೂ ಬ್ರಹ್ಮಗಣಗಳು, ಉಳಿದುವು ವಿಷ್ಣುಗಣಗಳು. ಹಾಡುವವನು ಒಂದು ಶಬ್ದವನ್ನು ಮರೆತು ಮತ್ತೊಂದನ್ನು ತುಂಬಿದಲ್ಲಿ ಈ ನಡೆಯು ಎಡವುವುದು. ಸಂಗ್ರಾಹಕನು ಕಿವಿಯಿಂದ ಛಂದಸ್ಸನ್ನೂ, ಬುದ್ಧಿಯಿಂದ ಅರ್ಥವನ್ನೂ, ಮನಸ್ಸಾಕ್ಷಿಯಿಂದ ಪ್ರಾಮಾಣ್ಯವನ್ನೂ ತೂಗಬೇಕು. ತನಗೆ ರುಚಿಸದ ನುಡಿಯನ್ನು ಮುಚ್ಚಿಡಬಾರದು. ತನಗೆ ಪ್ರಿಯವಾದುದನ್ನು ಸೇರಿಸಲೂ ಬಾರದು. ಅನ್ಯಮತದ ಬೋಧಕನೊಬ್ಬನು ಶಿವಭಕ್ತಿಯಿಂದ ತುಂಬಿದ ಕವಿಯ ವಚನಗಳನ್ನು ಶೋಧಿಸಿ ಕೊಟ್ಟಾಗ ಜನರು ಅದನ್ನು ನಂಬಿ ಮನೆಗೆ ಒಯ್ದರು. ಆ ನಂಬಿಕೆಯೇ ಚನ್ನಪ್ಪನವರ ಪ್ರಾಮಾಣಿಕತೆಗೆ ದೊರೆತ ಬಿರುದು. ಲೋಕವು ಅವರನ್ನು ತಿರುಳ್ಗನ್ನಡದ ತಿರುಕರೆಂದು ಕರೆದುದುಂಟು. ಭಿಕ್ಷಾಪಾತ್ರೆಯನ್ನು ಹಿಡಿದು ಕನ್ನಡದ ತಿರುಳನ್ನು ಬೇಡಿ ತಂದವರಿಗೆ ಈ ಹೆಸರು ಎಲ್ಲ ರೀತಿಯಿಂದಲೂ ಒಪ್ಪುವಂಥದು.

ಸರ್ವಜ್ಞನಿಂದ ಶರಣರ ಕಡೆಗೆ ದಾರಿಯು ತಾನಾಗಿ ತೆರೆಯಿತು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಆರಂಭಿಸಿದ ಕಾಲವದು. ಮಠಗಳ ಅಟ್ಟಗಳಲ್ಲಿಯೂ ಭಕ್ತರ ಜಗಲಿಗಳಲ್ಲಿಯೂ ಧೂಳು ಮುಚ್ಚಿ ಬಿದ್ದಿದ್ದ ತಾಳೆಯೋಲೆಯ ಕಟ್ಟುಗಳು ಬೆಳಕನ್ನು ಕಾಣತೊಡಗಿದುವು. ಚನ್ನಪ್ಪನವರು ಆ ವಚನಗಳಲ್ಲಿ ತಮ್ಮ ಸಭಾಸೇವೆಯ ತತ್ತ್ವಗಳನ್ನೇ ಕಂಡರು. ಕೀಳೆನಿಸಿಕೊಂಡವನನ್ನು ಅಪ್ಪಿಕೊಳ್ಳುವುದು, ದುಡಿಮೆಯನ್ನು ಪೂಜೆಯೆಂದು ಭಾವಿಸುವುದು, ದೇವರಿಗೂ ಭಕ್ತನಿಗೂ ನಡುವೆ ಭಯದ ಬದಲಾಗಿ ಪ್ರೇಮವನ್ನು ನಿಲ್ಲಿಸುವುದು, ಇವೆಲ್ಲವೂ ಅವರ ಸತ್ಯವೇದದಲ್ಲಿ ಓದಿದ್ದ ಸಂಗತಿಗಳೇ ಆಗಿದ್ದುವು. ಅಸ್ಪೃಶ್ಯರೆನಿಸಿದವರ ಉದ್ಧಾರಕ್ಕೆ ಬಸವಣ್ಣನವರು ತೋರಿದ ಮಾರ್ಗವನ್ನೂ, ಕರ್ನಾಟಕದ ಅಭ್ಯುದಯಕ್ಕೆ ಅವರಿಂದಾದ ಉಪಕಾರವನ್ನೂ ಕುರಿತು ಅವರು ಬರೆದರು. ಆ ಬರವಣಿಗೆಯ ಹಿಂದೆ ಪ್ರತಿದಿನವೂ ದೀನರ ಬಾಗಿಲನ್ನು ತಟ್ಟಿದವನ ಅನುಭವವಿದ್ದಿತು.

ಅವರು ಸಂಪಾದಿಸಿದ ಶರಣರಲ್ಲಿ ಇಬ್ಬರನ್ನು ನೋಡಿದರೆ ಅವರ ಮನೋಧರ್ಮವು ತಿಳಿಯುವುದು. ಮೋಳಿಗೆಯ ಮಾರಯ್ಯನು ಪರಂಪರೆಯ ಪ್ರಕಾರ ಕಾಶ್ಮೀರದ ಅರಸು. ಅವನು ರಾಜ್ಯವನ್ನು ತೊರೆದು ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಸೌದೆಯ ಹೊರೆಯನ್ನು ಹೊತ್ತು ಮಾರಿ ಜಂಗಮದಾಸೋಹವನ್ನು ನಡೆಸಿದನು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿ, ಗುಡಿಗಳನ್ನೆತ್ತಿಸಿ, ಲೋಕೋಪಕಾರದಲ್ಲಿ ನಿರತರಾಗಿದ್ದು, ಅಲ್ಲಮಪ್ರಭುವಿನ ಬೋಧೆಯಿಂದ ಹೊರಗಿನ ಸೇವೆಯ ಜೊತೆಗೆ ಒಳಗಿನ ಅರಿವನ್ನೂ ಪಡೆದರು. ಮಾರಯ್ಯ ಮಹಾದೇವಿಯರ ವಚನಗಳನ್ನೂ, ಸಿದ್ಧರಾಮರ ಸಾಹಿತ್ಯವನ್ನೂ ಚನ್ನಪ್ಪನವರು ಸಂಗ್ರಹಿಸಿಕೊಟ್ಟರು. ಈ ಎರಡನೆಯದು 1955ರಲ್ಲಿ ಹೊರಬಂದಿತು. ಒಬ್ಬನು ಹೊರೆ ಹೊತ್ತ ದಂಪತಿಗಳ ಕಥೆ, ಮತ್ತೊಬ್ಬರು ಕೆರೆ ಕಟ್ಟಿದ ಯೋಗಿಗಳ ಕಥೆ. ಪರಸೇವೆಯಿಂದ ಬಾಳನ್ನು ಸವೆಸಿದ ಪಾದ್ರಿಗೆ ಇವರು ಪರಕೀಯರಾಗಿ ತೋರದಿದ್ದುದರಲ್ಲಿ ಆಶ್ಚರ್ಯವೇನು?

ಅವರ ಬಾಳಿನಲ್ಲಿ ಪರೀಕ್ಷೆಯ ಸಮಯವೂ ಬಂದಿತು. ಕಲ್ಯಾಣದ ಅನುಭವಮಂಟಪವೆಂಬುದು ಚರಿತ್ರೆಯಲ್ಲಿ ನಿಜವಾಗಿ ಇದ್ದಿತೇ, ಅಥವಾ ಹಿಂದಿನವರ ಕಲ್ಪನೆಯೇ ಎಂದು ವಿದ್ವಾಂಸರಲ್ಲಿ ಕೆಲವರು ಸಂದೇಹಪಟ್ಟರು. ಭಕ್ತರ ಮನಸ್ಸು ಕಲಕಿತು. ಇಂತಹ ಸಂದರ್ಭದಲ್ಲಿ ಕೋಪದ ಉತ್ತರವು ಸುಲಭ, ಆಧಾರದ ಉತ್ತರವು ಕಷ್ಟ. ಚನ್ನಪ್ಪನವರು ಕಷ್ಟವಾದುದನ್ನೇ ಆರಿಸಿಕೊಂಡರು. 1951ರಲ್ಲಿ ಅನುಭವಮಂಟಪದ ಐತಿಹಾಸಿಕತೆ ಎಂಬ ಗ್ರಂಥವನ್ನು ಪ್ರಕಟಿಸಿ, ಅನುಭವಗೋಷ್ಠಿಯು ನಡೆದುದು ಸತ್ಯವೆಂದು ವಾದಿಸಿದರು. ಆಗ ಅವರಿಗೆ 70 ವರ್ಷಗಳು. ಈ ವಾದದಿಂದ ಅವರಿಗಾಗಲಿ ಅವರ ಸಭೆಗಾಗಲಿ ಬರತಕ್ಕ ಲಾಭವೊಂದೂ ಇರಲಿಲ್ಲ. ನೆರೆಯವನ ಮನೆಯ ಹಕ್ಕುಪತ್ರವು ಹರಿದುಹೋಗುವುದನ್ನು ಕಂಡ ಸಜ್ಜನನು ಸಾಕ್ಷಿ ಹೇಳಲು ತಾನಾಗಿ ಎದ್ದು ನಿಲ್ಲುವಂತೆ ಅವರು ಎದ್ದು ನಿಂತರು.

ಇದಕ್ಕೆ ಮೊದಲೇ ನಾಡು ಅವರನ್ನು ಗೌರವಿಸಿದ್ದಿತು. 1949ರಲ್ಲಿ ಕಲಬುರಗಿಯಲ್ಲಿ ನೆರೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೈದರಾಬಾದು ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ಭಾರತದೊಡನೆ ಸೇರಿ ಇನ್ನೂ ವರ್ಷವು ತುಂಬಿರಲಿಲ್ಲ. ಮತದ ಹೆಸರಿನಲ್ಲಿ ನೊಂದಿದ್ದ ಆ ಸೀಮೆಯಲ್ಲಿ, ಲಿಂಗಾಯತ ಮೂಲದ ಕ್ರೈಸ್ತ ಪಾದ್ರಿಯೊಬ್ಬರನ್ನು ಕನ್ನಡಿಗರೆಲ್ಲರೂ ತಮ್ಮ ಹಿರಿಯರೆಂದು ಪೀಠದಲ್ಲಿ ಕುಳ್ಳಿರಿಸಿದುದು ಸಾಮಾನ್ಯ ಸಂಗತಿಯಲ್ಲ.

ಇಷ್ಟೆಲ್ಲವನ್ನು ಕಂಡವರಲ್ಲಿ ಒಂದು ಶಂಕೆ ಹುಟ್ಟಬಹುದು. ಶರಣರನ್ನು ಇಷ್ಟು ಪ್ರೀತಿಸಿದವರು ಪೂರ್ವಿಕರ ಧರ್ಮಕ್ಕೆ ಏಕೆ ಮರಳಲಿಲ್ಲ? ಉತ್ತರವು ಅವರ ಬಾಳಿನಲ್ಲಿಯೇ ಇರುವುದು. ತನ್ನ ನಂಬಿಕೆಯಲ್ಲಿ ನೆಲೆನಿಂತವನಿಗೆ ಪರರ ನಂಬಿಕೆಯನ್ನು ಕಂಡು ಅಂಜಿಕೆಯಿಲ್ಲ. ಅಲುಗಾಡುವ ಕಂಬವು ಪಕ್ಕದ ಗೋಡೆಯನ್ನು ತಳ್ಳುವುದು. ಆಳವಾಗಿ ನೆಟ್ಟ ಕಂಬವು ಪಕ್ಕದ ಚಪ್ಪರಕ್ಕೂ ಆಸರೆಯಾಗುವುದು. ಚನ್ನಪ್ಪನವರು ಎರಡು ಧರ್ಮಗಳನ್ನು ಕಲಸಿ ಮೂರನೆಯದನ್ನು ಮಾಡಲಿಲ್ಲ. ಒಂದನ್ನು ಹೊಗಳಲು ಮತ್ತೊಂದನ್ನು ಹಳಿಯಲೂ ಇಲ್ಲ. ಇಷ್ಟಲಿಂಗದಲ್ಲಿ ನಿಷ್ಠೆಯುಳ್ಳ ಭಕ್ತನಿಗೆ ಈ ಏಕನಿಷ್ಠೆಯ ಬೆಲೆಯು ಚೆನ್ನಾಗಿ ತಿಳಿದಿರುವುದು. ಹಳೆಯ ನೆಂಟಸ್ತನವನ್ನು ಅವರು ಮತಾಂತರದಿಂದ ತೀರಿಸಲಿಲ್ಲ, ಸೇವೆಯಿಂದ ತೀರಿಸಿದರು.

ಅವರು 1962ನೆಯ ಇಸವಿ ಆಗಸ್ಟ್ 28ರಂದು, 80 ವರ್ಷಗಳು ತುಂಬಿದ ವಯಸ್ಸಿನಲ್ಲಿ ದೈವಾಧೀನರಾದರು. ಇನ್ನೊಬ್ಬ ಧಾರವಾಡದವರಾದ ಹಳಕಟ್ಟಿಯವರು ಎರಡು ವರ್ಷಗಳ ತರುವಾಯ, 1964ರಲ್ಲಿ, ಶಿವೈಕ್ಯರಾದರು. ಬೆನ್ನುಬೆನ್ನಿಗೆ ಹುಟ್ಟಿದವರು ಬೆನ್ನುಬೆನ್ನಿಗೇ ತೆರಳಿದರು.

ಪರಧರ್ಮದವನೊಬ್ಬನು ಶರಣರ ನುಡಿಗಾಗಿ ಇಷ್ಟು ದುಡಿದನೆಂದು ಕೇಳಿ ಸಂತೋಷಪಟ್ಟು ಸುಮ್ಮನಾದರೆ ಆ ಋಣವು ತೀರುವುದಿಲ್ಲ. ಋಣವನ್ನು ತೀರಿಸುವ ಬಗೆಗಳು ಎರಡು. ಅಟ್ಟದ ಮೇಲೆ ಇನ್ನೂ ಉಳಿದಿರಬಹುದಾದ ಓಲೆಯ ಕಟ್ಟನ್ನು ಗೆದ್ದಲಿನ ಪಾಲಿಗೆ ಬಿಡದೆ ಬಲ್ಲವರ ಕೈಗೆ ಮುಟ್ಟಿಸುವುದು ಒಂದು. ನೆರೆಮನೆಯವನ ದೇವರು ಯಾರಾದರೂ ಇರಲಿ, ಅವನ ಮನೆಯ ಒಡವೆಗೆ ಅಪಾಯ ಬಂದಾಗ ಎದ್ದು ನಿಂತು ಸಾಕ್ಷಿ ಹೇಳುವುದು ಮತ್ತೊಂದು. ಮೊದಲನೆಯದಕ್ಕೆ ಓದು ಬೇಕು. ಎರಡನೆಯದಕ್ಕೆ ಎದೆ ಬೇಕು. ಚನ್ನಪ್ಪನವರಲ್ಲಿ ಎರಡೂ ಇದ್ದುವು.

ಕಡೂರಿನ ಬಳಿಯ ಸಂಗಮದಲ್ಲಿ ನಿಂತು ಇದು ವೇದೆಯ ನೀರು, ಇದು ಅವತಿಯ ನೀರು ಎಂದು ಬೊಗಸೆಯಲ್ಲಿ ಬೇರ್ಪಡಿಸಲು ಯಾರಿಂದಲೂ ಆಗದು. ಆದರೂ ಅಯ್ಯನಕೆರೆಯು ಅಯ್ಯನಕೆರೆಯಾಗಿಯೇ, ಮದಗದ ಕೆರೆಯು ಮದಗದ ಕೆರೆಯಾಗಿಯೇ ತುಂಬಿ ನಿಂತಿರುವುದರಿಂದಲೇ ಕೆಳಗಿನ ಹೊಳೆಗೆ ನೀರುಂಟು. ಸದ್ಭಕ್ತರು ತಮ್ಮ ಕೆರೆಯ ಏರಿಯನ್ನು ಭದ್ರವಾಗಿ ಕಾಯ್ದುಕೊಳ್ಳಲಿ. ತೂಬನ್ನು ಮಾತ್ರ ಎಂದಿಗೂ ಮುಚ್ಚದಿರಲಿ.