ಹುಬ್ಬಳ್ಳಿಯ ಧನ್ವಂತಿ

ಹುಬ್ಬಳ್ಳಿ ಅಂದ ಕೂಡಲೇ ನಮಗೆ ಸಿದ್ಧಾರೂಢ ಮಠ, ಗಂಗೂಬಾಯಿ ಹಾನಗಲ್, ಸಂಜೆಯ ಗಿರ್ಮಿಟ್ ನೆನಪಾಗುತ್ತವೆ. ಆ ಸಾಲಿಗೆ ಇನ್ನೊಂದು ಹೆಸರು ಸೇರಬೇಕು: ಧನ್ವಂತಿ ರಾಮರಾವ್. ಮಕ್ಕಳು ಎಷ್ಟು, ಯಾವಾಗ ಅನ್ನೋದನ್ನ ಹೆಂಗಸರೇ ತೀರ್ಮಾನಿಸಬೇಕು ಎಂಬ ಮಾತನ್ನು ಜಗತ್ತಿನ ವೇದಿಕೆಗೆ ಒಯ್ದವರಲ್ಲಿ ಇವರೂ ಒಬ್ಬರು.

ಹುಟ್ಟಿದ್ದು 1893ರಲ್ಲಿ, ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಹಂಡೂ ಎಂಬ ಕಾಶ್ಮೀರಿ ಪಂಡಿತರ ಮನೆಯಲ್ಲಿ. ಬೆಳೆಯುತ್ತಾ ಕನ್ನಡ ಕಲಿತರು. ಸೇಂಟ್ ಮೇರೀಸ್ ಶಾಲೆ ಮುಗಿಸಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು, ಇಂಗ್ಲಿಷಿನಲ್ಲಿ ಚಿನ್ನದ ಪದಕ ಪಡೆದರು. ಹುಡುಗಿಯರಿಗೆ ಓದೇ ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಪಾಠ ಹೇಳಿದರು. 1919ರಲ್ಲಿ ಮಂಗಳೂರು ಮೂಲದ ಬೆನೆಗಲ್ ರಾಮರಾಯರನ್ನು ಮದುವೆಯಾದರು. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಇವರ ಭಾವ, ಅಂದರೆ ಗಂಡನ ಅಣ್ಣ. ಬಾಲ್ಯವಿವಾಹ ನಿಲ್ಲಿಸುವ ಚಳವಳಿಯಲ್ಲಿ ದುಡಿದರು, ಗಂಡನ ಕೆಲಸದ ಜೊತೆ ಲಂಡನ್, ದಕ್ಷಿಣ ಆಫ್ರಿಕಾ, ಜಪಾನ್, ವಾಷಿಂಗ್ಟನ್ ಎಲ್ಲ ಸುತ್ತಿದರು.

1949ರಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಸಂಸಾರ ಬೊಂಬಾಯಿಗೆ ಬಂತು. ಅಲ್ಲಿನ ಕೊಳೆಗೇರಿಗಳ ಬಾಳು ಧನ್ವಂತಿಯವರನ್ನು ಕಲಕಿತು. ಸೊಂಟದಲ್ಲೊಂದು, ಹೊಟ್ಟೆಯಲ್ಲೊಂದು, ಬಾಣಂತನ ಮುಗಿಯೋ ಮೊದಲೇ ಮತ್ತೊಂದು. ಅದೇ ವರ್ಷ ಆವಾಬಾಯಿ ವಾಡಿಯಾ ಮತ್ತಿತರರ ಜೊತೆ ಭಾರತ ಕುಟುಂಬ ಯೋಜನಾ ಸಂಘ ಕಟ್ಟಿದರು. ಗೌರವಸ್ಥ ಮನೆತನದ ಹೆಣ್ಣುಮಗಳು ಇಂಥ ವಿಷಯ ಸಭೆಯಲ್ಲಿ ಮಾತಾಡೋದು ಆಗ ಸಣ್ಣ ಮಾತಲ್ಲ.

ಕೆಲಸಕ್ಕೆ ನಮ್ಮ ನಾಡಿನಲ್ಲೇ ಒಂದು ಮೇಲ್ಪಂಕ್ತಿ ಇತ್ತು ನೋಡಿ. ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಹೆಂಗಸರು ಒಳಗೆ ಬರ್ತಾರಾ? ಗಂಡ ಒಪ್ಪಬೇಕು, ಅತ್ತೆ ಒಪ್ಪಬೇಕು, ಹುಟ್ಟಿದ ಕೂಸು ಉಳಿದೀತು ಅನ್ನೋ ಧೈರ್ಯ ಬೇಕು.

ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಇಟ್ಟರು. ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ, ಅವರಿಗೆ ಸಾಧನಗಳು ಒಪ್ಪಿಗೆಯಿಲ್ಲ. ಹಾಗಾಗಿ ನಮ್ಮ ರಾಮನಗರದಲ್ಲೂ ದಿಲ್ಲಿಯಲ್ಲೂ ಮುಟ್ಟಿನ ದಿನ ಎಣಿಸುವ ಕ್ರಮವನ್ನು ಪರೀಕ್ಷಿಸಿದರು. ಹೆಂಗಸರಿಗೆ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ದೂರ ಇರಬೇಕು. ಮಣಿ ಸರಿಸಿದರೆ ಸಾಕು, ಬಸಿರು ನಿಲ್ಲೋದಿಲ್ಲ ಅಂತ ಕೆಲವರು ತಿಳಿದರು. ಮುಟ್ಟು ಏರುಪೇರಾದರೆ ಲೆಕ್ಕ ತಪ್ಪುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕೆಂಪು ಮಣಿಯ ದಿನ ಗಂಡ ಕೇಳದಿದ್ದರೆ ಸರ ಏನು ಮಾಡೀತು? ಪ್ರಯೋಗ ಫಲ ಕೊಡಲಿಲ್ಲ.

1952ರ ನವೆಂಬರಿನಲ್ಲಿ ಧನ್ವಂತಿಯವರ ಸಂಘವೇ ಬೊಂಬಾಯಿಯಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಅಮೆರಿಕದಿಂದ ಮಾರ್ಗರೆಟ್ ಸ್ಯಾಂಗರ್ ಬಂದರು. ಅಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಇಬ್ಬರೂ ಜೊತೆಯಾಗಿ ಗೌರವ ಅಧ್ಯಕ್ಷರು. ಮುಂದೆ 1963ರಿಂದ 1971ರವರೆಗೆ ಧನ್ವಂತಿಯವರೇ ಅದರ ಅಧ್ಯಕ್ಷೆ. 1959ರಲ್ಲಿ ಪದ್ಮಭೂಷಣ ಬಂತು.

ಹೊಗಳಿ ಮುಗಿಸಿದರೆ ಸಾಲದು. ಆ ಪೀಳಿಗೆ ತಾಯಂದಿರ ಕಷ್ಟದಷ್ಟೇ ಜನಸಂಖ್ಯೆಯ ಲೆಕ್ಕವನ್ನೂ ಮಾತಾಡಿತು. ಸರ್ಕಾರದ ಕೈಯಲ್ಲಿ ಆ ಲೆಕ್ಕ ಗುರಿಯಾಯಿತು, ತುರ್ತುಪರಿಸ್ಥಿತಿಯಲ್ಲಿ ಬಲಾತ್ಕಾರವಾಯಿತು. 1976–77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಆಪರೇಷನ್, ಹೆಚ್ಚಿನವು ಗಂಡಸರಿಗೆ. ಜನ ಸಿಟ್ಟಾದ ಮೇಲೆ ಭಾರ ಹೆಂಗಸರ ಮೇಲೇ ಬಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆದದ್ದು ನೂರಕ್ಕೆ 37.9, ಗಂಡನಿಗೆ ಆದದ್ದು 0.3. ಕರ್ನಾಟಕದಲ್ಲಂತೂ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಪರೇಷನ್ನೇ ಆಗಿದೆ. ಮಾತ್ರೆ, ವಂಕಿ ಬಳಸುವವರು ಬೆರಳೆಣಿಕೆ. ಎರಡು ಮಗು ಆಯ್ತಾ, ಆಪರೇಷನ್ ಮಾಡಿಸು ಅನ್ನೋದು ಆಯ್ಕೆ ಅಲ್ಲವಲ್ಲ.

ಧನ್ವಂತಿ 1987ರಲ್ಲಿ ತೀರಿಕೊಂಡರು. ನಾವಿರುವ ಟೊರ್ರಿ ಪೈನ್ಸ್ ಆಸುಪಾಸಿನಲ್ಲಿ ಸಾಧನಗಳಿಗೆ ಬರವಿಲ್ಲ. 2016ರಿಂದ ಕ್ಯಾಲಿಫೋರ್ನಿಯಾದಲ್ಲಿ ತರಬೇತಿ ಪಡೆದ ಫಾರ್ಮಸಿಸ್ಟೇ, ಡಾಕ್ಟರ ಚೀಟಿ ಇಲ್ಲದೆ, ಮಾತ್ರೆ ಕೊಡಬಹುದು. ಆದರೂ ನಮ್ಮ ಮನೆಗಳಲ್ಲಿ ಸಿಹಿಸುದ್ದಿ ಯಾವಾಗ ಅಂತ ಎಲ್ಲರೂ ಕೇಳ್ತಾರೆ. ನಿನಗೆ ಈಗ ಮಗು ಬೇಕಾ ಅಂತ ಕೇಳೋರು ಕಡಿಮೆ. ಹುಬ್ಬಳ್ಳಿಯ ಆ ಹೆಣ್ಣುಮಗಳು ಸಭೆಯಲ್ಲಿ ನಿಂತು ಎತ್ತಿದ ಮಾತನ್ನು ನಾವು ಕನಿಷ್ಠ ಅಡುಗೆಮನೆಯಲ್ಲಾದರೂ ಆಡೋಣ, ಅದೂ ಅಣ್ಣ-ತಮ್ಮಂದಿರು ಜೊತೆಗಿರುವಾಗಲೇ.