ಇಂದಿನ ಧಮ್ಮ ಚಿಂತನೆ: ಅನಾಥಪಿಂಡಿಕರ ಕೊನೆಯ ಹಾಸಿಗೆ



ಶ್ರಾವಸ್ತಿಯ ಸಾಹುಕಾರ ಸುದತ್ತರ ಹೆಸರು ನಮಗೆಲ್ಲ ಗೊತ್ತು. ದಿಕ್ಕಿಲ್ಲದವರಿಗೆ ಅನ್ನ ಹಾಕಿ ಅನಾಥಪಿಂಡಿಕ ಎನಿಸಿಕೊಂಡವರು. ರಾಜಗೃಹದಲ್ಲಿ ಭಗವಾನ್ ಬುದ್ಧರನ್ನು ಕಂಡು ಉಪಾಸಕರಾದರು. ಜೇತ ರಾಜಕುಮಾರನ ತೋಟದ ನೆಲಕ್ಕೆ ಹೊನ್ನಿನ ನಾಣ್ಯ ಹಾಸಿ, ಅದನ್ನು ಕೊಂಡು ಸಂಘಕ್ಕೆ ವಿಹಾರ ಕಟ್ಟಿಸಿದರು. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಇವರ ದೀಕ್ಷೆಯ ಕಥೆ ಬರೆದಿದ್ದಾರೆ. ದಾನದ ಮಾತು ಬಂದಾಗಲೆಲ್ಲ ಇವರನ್ನು ನೆನೆಯುತ್ತೇವೆ. ನಾನು ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡುವವಳು, ನನಗೆ ನೆನಪಾಗುವುದು ಇವರ ಕೊನೆಯ ದಿನ. ಮಜ್ಝಿಮ ನಿಕಾಯದ 143ನೇ ಸುತ್ತದಲ್ಲಿ ಅದಿದೆ.

ಕಾಯಿಲೆ ಬಲಿತಾಗ ಅವರೇ ಆಳನ್ನು ಕಳಿಸಿ ಭಂತೆ ಸಾರಿಪುತ್ತರನ್ನು ಕರೆಸಿಕೊಂಡರು. ಆನಂದರೂ ಜೊತೆಗೆ ಬಂದರು. ಸಾರಿಪುತ್ತರು ಬಂದವರೇ ಧಮ್ಮ ಹೇಳಲು ಕೂರಲಿಲ್ಲ. ನೋವು ತಡೆಯಲಾಗುತ್ತಿದೆಯೇ, ಇಳಿಯುತ್ತಿದೆಯೇ ಏರುತ್ತಿದೆಯೇ ಎಂದು ಮೊದಲು ವಿಚಾರಿಸಿದರು. ರೋಗಿ ಮುಚ್ಚಿಡಲಿಲ್ಲ: ತಲೆಗೆ ಪಟ್ಟಿ ಬಿಗಿದಂತೆ, ಕಟುಕ ಹೊಟ್ಟೆ ಕೊಯ್ದಂತೆ, ಮೈಯನ್ನು ಕೆಂಡದ ಮೇಲೆ ಹಿಡಿದಂತೆ. ಅಷ್ಟನ್ನೂ ಕೇಳಿದ ಮೇಲೆಯೇ ಉಪದೇಶ. ನಮ್ಮಲ್ಲಿ ಎಷ್ಟೋ ಜನ, ರೋಗಿ ನೋವೆಂದು ಬಾಯಿ ತೆರೆದರೆ ಏನೂ ಆಗಲ್ಲ ಬಿಡಿ ಎಂದು ಅಲ್ಲಿಗೇ ಮುಚ್ಚಿಸುತ್ತೇವೆ.

ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು, ಒಂದೊಂದನ್ನೇ ಹೆಸರಿಸಿ ಅದಕ್ಕೆ ಅಂಟಿಕೊಳ್ಳದಿರಲು ಸಾರಿಪುತ್ತರು ಕಲಿಸಿದರು. ಈ ಲೋಕಕ್ಕೂ ಅಂಟಬಾರದು, ಪರಲೋಕಕ್ಕೂ ಅಂಟಬಾರದು ಎಂದರು. ಹರಕೆ ಇಲ್ಲ, ಹೋಮ ಇಲ್ಲ, ಸ್ವರ್ಗದ ಆಸೆಯನ್ನೂ ತೋರಿಸಲಿಲ್ಲ.

ಅನಾಥಪಿಂಡಿಕರು ಅತ್ತುಬಿಟ್ಟರು. ಎದೆಗುಂದಿದಿರಾ ಎಂದು ಆನಂದರು ಕೇಳಿದರು. ಹಾಗಲ್ಲ, ಇಷ್ಟು ಕಾಲ ಬುದ್ಧರ ಹತ್ತಿರ, ಭಿಕ್ಖುಗಳ ಹತ್ತಿರ ಇದ್ದೂ ಇಂಥ ಮಾತು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲವಲ್ಲ ಎಂಬುದು ಅವರ ಅಳು. ಬಿಳಿಬಟ್ಟೆಯ ಗೃಹಸ್ಥರಿಗೆ ಇದನ್ನು ಹೇಳುವ ರೂಢಿ ಇಲ್ಲವೆಂದು ತಿಳಿದಾಗ, ಅವರಿಗೂ ಹೇಳಿ, ಅರ್ಥಮಾಡಿಕೊಳ್ಳುವವರು ಇದ್ದಾರೆ, ಕೇಳದೇ ಹೋದರೆ ಅವರಿಗೆ ನಷ್ಟ ಎಂದು ಬೇಡಿಕೊಂಡರು. ವಿಹಾರ ಕಟ್ಟಿಸಿದವರಿಗೇ ಅಷ್ಟು ಕಾಲ ಸಿಗದ ಮಾತು! ಅಕ್ಷರದಿಂದ ದೂರ ಇಟ್ಟ ಜನರ ಮಗಳು ನಾನು, ಈ ಜಾಗಕ್ಕೆ ಬಂದಾಗ ಪ್ರತಿಸಲ ಓದು ನಿಲ್ಲುತ್ತದೆ.

ಭಂತೆಗಳು ಹೊರಟ ಸ್ವಲ್ಪ ಹೊತ್ತಿಗೆ ಪ್ರಾಣ ಹೋಯಿತು. ಮುಂದೆ ತುಸಿತ ದೇವಲೋಕದ ವಿಷಯ ಬರುತ್ತದೆ, ನಾನು ಅದನ್ನು ಬಿಟ್ಟು ಓದುತ್ತೇನೆ.

ನಮ್ಮ ಮನೆಗಳಲ್ಲಿ ಡಾಕ್ಟರು ಕೈಚೆಲ್ಲಿದಾಗ ಯಾರಾದರೂ ದೇವರಿಗೆ ಹರಕೆ ಹೊರೋಣ ಎನ್ನುತ್ತಾರೆ. 22 ಪ್ರತಿಜ್ಞೆ ನೆನಪಿಸಿ ತಡೆಯುತ್ತೇವೆ, ಸರಿಯೇ. ತಡೆದ ಮೇಲೆ ಹಾಸಿಗೆಯ ಪಕ್ಕ ಕೂತು ಹೇಳುವುದೇನು? ರೋಗಿಯ ಆರೈಕೆ ಮಾಡುವವರಿಗೆ ವಿನಯಪಿಟಕ ಹೇಳುವ ಐದು ಗುಣಗಳಲ್ಲಿ ಮಲಮೂತ್ರಕ್ಕೆ ಹೇಸದಿರುವುದೂ ಇದೆ, ಧಮ್ಮದ ಮಾತಿನಿಂದ ಧೈರ್ಯ ತುಂಬುವುದೂ ಇದೆ. ಮೊದಲನೆಯದು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಎರಡನೆಯದಕ್ಕಾಗಿ ಈ ಭಾನುವಾರ ವಿಹಾರದಲ್ಲಿ ಈ ಸುತ್ತ ಓದೋಣ. ಮನೆಯಲ್ಲಿ ರೋಗಿ ಇರುವವರು ತಪ್ಪದೆ ಬನ್ನಿ.

ಜೈ ಭೀಮ್ 🙏